ಶಿವದಾರ ಬಿಚ್ಚಿದ ದಿನ

೧೯೯೮ ಜುಲೈ ೫, ರವಿವಾರ

ಬೀಜದ ಕಂಪನಿಯವರು ನಮ್ಮ ಮನೆಯವರ ಬೀಜ-ಗೊಬ್ಬರದ ಅಂಗಡಿಗೆ ಕೊಟ್ಟ ಡೈರಿ ಇದು. ಅರ್ಧ ವರ್ಷ ಖಾಲಿ ಬಿದ್ದಿತ್ತು. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ ಎಂದು ಇವತ್ತು ಎತ್ತಿಕೊಂಡೆ.

ಎಡ ಎದೆಯಲ್ಲಿ ಒಂದು ಗಂಟು ಇದೆ. ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬಂದು ತಾಗುವ ಜಾಗದ ಪಕ್ಕದಲ್ಲೇ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಕರಡಿಗೆ ಒತ್ತಿ ಬಾವು ಬಂದಿರಬೇಕು ಎಂದು ಅದನ್ನು ಕಟ್ಟಿದ ಶಿವದಾರವನ್ನು ಎರಡು ಬೆರಳು ಉದ್ದ ಮಾಡಿಕೊಂಡೆ. ಒಂದು ತಿಂಗಳು ನೋಡಿದೆ. ಗಂಟು ಹೋಗಲಿಲ್ಲ. ನೋವೂ ಇಲ್ಲ. ನೋವಿಲ್ಲದಿರುವುದೇ ನನಗೆ ಸರಿ ಕಾಣುತ್ತಿಲ್ಲ.

೬.೧೦ಕ್ಕೆ ಸ್ನಾನ, ೬.೨೫ಕ್ಕೆ ಲಿಂಗಪೂಜೆ, ಎರಡು ನಿಮಿಷ. ೭.೪೦ಕ್ಕೆ ಕಲ್ಯಾಣದ ಬಸ್‌ಸ್ಟ್ಯಾಂಡಿನಿಂದ ಹುಮನಾಬಾದಿನ ಬಸ್ಸು. ೯ಕ್ಕೆ ಶಾಲೆಯಲ್ಲಿ ಮೊದಲ ಪಾಠ, ಬೀಜಗಣಿತ. ಹದಿನೆಂಟು ವರ್ಷದಿಂದ ಇದೇ. ಪೂಜೆಯ ಎರಡು ನಿಮಿಷವೂ ಅತ್ತೆ ನೋಡುತ್ತಾರೆ ಎಂಬ ಕಾರಣಕ್ಕೆ. ಅವರು ಅಡುಗೆಮನೆಯಿಂದಲೇ ಕೇಳುತ್ತಾರೆ, "ಜಯಮಾಲಾ, ಪೂಜಿ ಆಯ್ತೇನು? ಇಷ್ಟ ಜಲ್ದಿ?"

ಜುಲೈ ೯, ಗುರುವಾರ

ಶಾಲೆ ಬಿಟ್ಟ ಮೇಲೆ ಹುಮನಾಬಾದಿನ ಲೇಡಿ ಡಾಕ್ಟರ ಬಳಿಗೆ ಹೋದೆ. ೪.೩೫ಕ್ಕೆ ಒಳಗೆ ಕರೆದರು, ೪.೫೦ಕ್ಕೆ ಹೊರಗೆ ಬಂದೆ. ಸೊಲ್ಲಾಪುರಕ್ಕೆ ಚೀಟಿ ಬರೆದುಕೊಟ್ಟಿದ್ದಾರೆ. "ಶ್ರಾವಣ ಮುಗಿಸಿ ಹೋಗ್ತೀನ್ರಿ" ಎಂದೆ. ಆಕೆ ಪೆನ್ನು ಕೆಳಗಿಟ್ಟು, "ಈ ವಾರನ ಹೋಗ್ರಿ ಟೀಚರ್" ಎಂದರು.

ಇವರಿಗೆ ಹೇಳಿದೆ. ಅಂಗಡಿಯ ಪಟ್ಟಿ ತೆಗೆದು, ಯಾವ ದಿನ ಯಾವ ಲಾರಿ ಬರುತ್ತದೆ ನೋಡಿ, "ಮಂಗಳವಾರ ಹೋಗೂನು" ಎಂದರು. ಬೇರೇನೂ ಕೇಳಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರು ಬೇರೇನಾದರೂ ಕೇಳಿದ್ದು ನನಗೆ ನೆನಪಿಲ್ಲ. ಅತ್ತೆಗೆ ಹೇಳುವುದು ಬೇಡವೆಂದು ಇಬ್ಬರೂ ಒಪ್ಪಿದೆವು.

ಜುಲೈ ೨೦, ಸೋಮವಾರ

ಸೂಜಿ ಚುಚ್ಚಿ ತೆಗೆದಿದ್ದರ ರಿಪೋರ್ಟ್ ಬಂತು. ಅದೇ.

ಡಾಕ್ಟರು ಮರಾಠಿಯಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಹಿಂದಿಗೆ ಬಂದರು. ಎದೆಯನ್ನು ಪೂರ್ತಿ ತೆಗೆಯಬೇಕು. ಕಂಕುಳಿನ ಗಂಟುಗಳನ್ನೂ ತೆಗೆಯಬೇಕು. ಆಮೇಲೆ ಆರು ಸಲ ಔಷಧ ಏರಿಸಬೇಕು. ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟವಾಗಿ ಹೇಳಿದರು. ನನಗೆ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ನೂರರಲ್ಲಿ ಎಷ್ಟು ಜನ ಉಳಿಯುತ್ತಾರೆ? ಅವರು, "ನೀವು ನೂರಲ್ಲ ಬಾಯಿ, ಒಬ್ಬರೇ" ಎಂದರು. ಅದು ಉತ್ತರವಲ್ಲ.

ಬಸ್ಸಿನಲ್ಲಿ ಬರುವಾಗ ಏನೂ ತಿನ್ನಲಾಗಲಿಲ್ಲ. ಇವರು ಉಮರ್ಗಾದಲ್ಲಿ ಇಳಿದು ಬಾಳೆಹಣ್ಣು ತಂದರು. ತೊಡೆಯ ಮೇಲಿಟ್ಟುಕೊಂಡೇ ಮನೆ ಮುಟ್ಟಿದೆ.

ಜುಲೈ ೨೬, ರವಿವಾರ

ಅತ್ತೆಗೆ ಗೊತ್ತಾಗಿದೆ. ನಾವು ಹೇಳಲಿಲ್ಲ. ಸ್ನೇಹಲ್ ಹೇಳಿದಳು. ನಾನು ಮಗಳಿಗೆ ಹೇಳಿದ್ದೆ, ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ಅವಳ ಹೊಟ್ಟೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ?

ಅತ್ತೆಯ ಮಾತಿಗೆ ಎರಡು ದಿನ ಕಾದೆ. ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಲಿಂಗಕ್ಕೆ ನೀರು ತೋರಿಸಿ ಬಸ್ಸಿಗೆ ಓಡುವವಳಿಗೆ ಇನ್ನೇನಾಗುತ್ತದೆ ಎನ್ನುತ್ತಾರೆ. ಒಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ, ಖಾರವಾದದ್ದು.

ಅವರು ಅದನ್ನು ಹೇಳಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ತಮ್ಮ ಟ್ರಂಕಿನಿಂದ ಎರಡು ಸೀರೆ, ವಿಭೂತಿ ಗಟ್ಟಿ, ಹಾಸಿಗೆಯ ಚಾದರ ತೆಗೆದು ಚೀಲಕ್ಕೆ ತುಂಬುತ್ತಿದ್ದಾರೆ. ಇವರು, "ಅವ್ವಾ, ನಿನ್ನ ಮೊಣಕಾಲ ನೋಯ್ತಾವ, ದವಾಖಾನ್ಯಾಗ ಕುಂದ್ರಾಕ ಜಾಗಾ ಸೈತ ಇರಂಗಿಲ್ಲ" ಎಂದರು.

"ಮೊಣಕಾಲ ಇಲ್ಲಿದ್ರೂ ನೋಯ್ತಾವ, ಅಲ್ಲಿದ್ರೂ ನೋಯ್ತಾವ. ಪೋರಿನ್ನ ಬಾಜೂಮನಿ ಪಾರ್ವತಿಬಾಯಿ ನೋಡ್ಕೋತಾಳ. ನಾ ಬರ್ತೀನಿ."

ನನ್ನ ಉತ್ತರ ಹಾಗೇ ಉಳಿಯಿತು.

ಆಗಸ್ಟ್ ೨, ರವಿವಾರ. ಸೊಲ್ಲಾಪುರ

ಹೆಂಗಸರ ವಾರ್ಡು. ನನ್ನದು ಹನ್ನೊಂದನೆಯ ಮಂಚ. ಹನ್ನೆರಡರಲ್ಲಿ ಅಂಬುಬಾಯಿ ಎಂಬಾಕೆ, ಮನ್ನಾಏಖೇಳ್ಳಿಯವಳು. ಹೊಲದ ಕೂಲಿ ಮಾಡುತ್ತಾಳಂತೆ. ಐವತ್ತು ಇರಬಹುದು. ಆಕೆಗೆ ಇದೇ ಆಪರೇಶನ್ ಆಗಿ ಎಂಟು ದಿನವಾಗಿದೆ. ಗಾಯ ಸರಿಯಾಗಿ ಕೂಡಿಲ್ಲ ಎಂದು ಇಟ್ಟುಕೊಂಡಿದ್ದಾರೆ. ನಾನು ಚೀಲ ಇಳಿಸುವ ಮೊದಲೇ ಮಾತಾಡಿಸಿದಳು. "ಟೀಚರಾ ನೀವು? ನನ್ನ ಸೊಸಿ ಆಮ್ರಪಾಲಿ ಸೈತ ಏಳನೇ ಕ್ಲಾಸ ಓದ್ಯಾಳ."

ಬೆಳಿಗ್ಗೆ ಎದ್ದು ಮಂಚದ ಮೇಲೇ ಕುಳಿತು ಕೈಜೋಡಿಸಿ ಬುದ್ಧನ ತ್ರಿಸರಣ ಹೇಳಿಕೊಳ್ಳುತ್ತಾಳಂತೆ. ಅವಳ ದಿಂಬಿನ ಕೆಳಗೆ ಬುದ್ಧನ ಸಣ್ಣ ಪಟವಿದೆ. ಅತ್ತೆ ಅದನ್ನು ನೋಡಿದರು, ಯಾವ ಕೇರಿಯವಳೆಂದು ತಿಳಿದುಕೊಂಡರು. ನಮ್ಮ ಎರಡು ಮಂಚಗಳ ನಡುವಿನ ಪರದೆಯನ್ನು ಸರಿಸಿ ಪೂರ್ತಿ ಮುಚ್ಚಿದರು. ನನಗೆ ನಾಚಿಕೆಯಾಯಿತು. ಅಂಬುಬಾಯಿ ಪರದೆಯ ಆಚೆಯಿಂದಲೇ ಮಾತು ಮುಂದುವರಿಸಿದಳು.

ಆಗಸ್ಟ್ ೪, ಮಂಗಳವಾರ

ನಾಳೆ ಬೆಳಿಗ್ಗೆ ೯ಕ್ಕೆ.

ಮಧ್ಯಾಹ್ನ ಸಿಸ್ಟರ್ ಬಂದು ಹೇಳಿಹೋದಳು. ಬಳೆ, ತಾಳಿ, ಮೂಗುತಿ, ಕೊರಳಲ್ಲಿರುವುದೆಲ್ಲ ತೆಗೆಯಬೇಕು. ಶಿವದಾರವನ್ನು ಬೆರಳಿನಿಂದ ಎತ್ತಿ ತೋರಿಸಿ, "ಇದೂ" ಎಂದಳು.

ತಾಳಿ ಬಿಚ್ಚಿದೆ. ಬಳೆ ತೆಗೆದೆ. ಶಿವದಾರಕ್ಕೆ ಕೈ ಹೋಗಲಿಲ್ಲ. ಹುಟ್ಟಿದಾಗಿನಿಂದ ಮೈಮೇಲಿದ್ದದ್ದು. ಸ್ನೇಹಲ್ ಹುಟ್ಟುವಾಗಲೂ ಬಿಚ್ಚಿರಲಿಲ್ಲ. ಲಿಂಗ ಮೈಬಿಟ್ಟು ದೂರವಾದರೆ ಜೀವ ಹೋದಂತೆಯೇ ಎಂದು ಸಣ್ಣವಳಿದ್ದಾಗ ಹೇಳಿದ್ದರು. ಆ ಮಾತನ್ನು ನಾನು ನಂಬಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ದಿನಕ್ಕೆ ಎರಡು ನಿಮಿಷ ಕೊಟ್ಟವಳು ಒಂದು ದಾರ ಬಿಚ್ಚಲಾರದೆ ಗೋಡೆಯ ಕಡೆಗೆ ತಿರುಗಿ ಮಲಗಿದೆ.

ಇವರು ಚಹಾ ತರಲು ಹೋಗಿದ್ದರು. ಅತ್ತೆ ಮಂಚದ ತುದಿಯಲ್ಲಿ ಬಂದು ಕುಳಿತರು.

"ಹೆದ್ರಿಕಿ ಆಗ್ಯಾದೇನು?"

ನಾನು ಗೋಡೆ ಬಿಟ್ಟು ಅವರ ಕಡೆಗೆ ತಿರುಗಿದೆ.

"ನಾ ಒಂದ್ ಮಾತ ಹೇಳತೀನಿ. ಯಾರಿಗೂ ಹೇಳಿಲ್ಲ. ನಿಮ್ಮ ಮಾವಗ ಸೈತ ಹೇಳಿಲ್ಲ" ಎಂದು ಶುರು ಮಾಡಿದರು. ಅವರು ಹೇಳಿದ್ದನ್ನು ಮರೆಯುವ ಮೊದಲೇ ಬರೆದಿಡುತ್ತೇನೆ.

"ರಜಾಕಾರರ ಕಾಲದಾಗ ನನಗ ಹದಿನೈದು. ಲಗ್ನ ಆಗಿತ್ತು, ಇನ್ನಾ ಗೋರ್ಟಾದಾಗ ಅವ್ವನ ಮನ್ಯಾಗ ಇದ್ದೆ. ಗಲಾಟಿ ಆದ ಮರುದಿನ ನಸುಕಿನ್ಯಾಗ ಬದ್ರುದ್ದೀನ್ ಅಂತ ನಮ್ಮೂರ ಮುದುಕ ನನ್ನೂ ನನ್ನ ತಮ್ಮನ್ನೂ ಗಾಡ್ಯಾಗ ಜ್ವಾಳದ ಕಣಿಕಿ ಕೆಳಗ ಮಲಗಿಸಿ ಊರ ಹೊರಗ ತಂದು ಬಿಟ್ಟ. ಅಲ್ಲಿಂದ ಓಡಿದಿವಿ. ಜಾಲಿ ಬೇಲಿ ದಾಟಾಗ ಶಿವದಾರ ಸಿಕ್ಕೊಂಡು ಹರೀತು. ಗೊತ್ತ ಆಗಲಿಲ್ಲ. ಬಿಸಲ ಏರಿದ ಮ್ಯಾಲ ಎದಿ ಮುಟ್ಟಿ ನೋಡ್ಕೋತೀನಿ, ಲಿಂಗ ಇಲ್ಲ."

ಅವರು ತಮ್ಮ ಕೊರಳಿನ ಕರಡಿಗೆಯನ್ನು ಸೆರಗಿನ ಮೇಲಿಂದ ಮುಟ್ಟಿಕೊಂಡರು.

"ಈ ಸೊಲ್ಲಾಪುರದ ಕಡಿ ಗಡಿ ದಾಟಿ ಕ್ಯಾಂಪಿಗಿ ಬಂದಿವಿ. ನಾ ಉಣಲಿಲ್ಲ. ಲಿಂಗ ಹೋದಾಕಿ ಉಣಬಾರದು, ಸಾಯಬೇಕು ಅಂತ ಕುಂತೆ. ಮೂರನೇ ದಿನ ನನ್ನ ತಮ್ಮ, ಏಳು ವರ್ಷದಂವ, ಅಕ್ಕ ಉಂಡ್ರ ನಾ ಉಣತೀನಿ ಅಂದ. ಉಂಡೆ. ಹನ್ನೊಂದನೇ ದಿನದ ತನಕ ಹಂಗ ಉಂಡೀನಿ. ಹನ್ನೆರಡನೇ ದಿನ ಒಬ್ರು ಜಂಗಮರು ಬಂದು ಬ್ಯಾರೆ ಲಿಂಗ ಕೊಟ್ರು. ಎಷ್ಟ ದಿನ ಆಯ್ತವ್ವಾ ಅಂತ ಕೇಳಿದ್ರು. ನಿನ್ನೆ ಕಳೀತು ಅಂದೆ. ಸುಳ್ಳ ಹೇಳಿದೆ. ಐವತ್ತು ವರ್ಷ ಆತು, ಆ ಸುಳ್ಳ ಹಂಗೇ ಅದ."

"ಹನ್ನೊಂದು ದಿನ ಏನ್ ಮಾಡಿದ್ರಿ ಅತ್ತೀ?" ಎಂದು ಕೇಳಿದೆ.

ಅವರು ಎಡಗೈಯನ್ನು ಪೂಜೆಯಲ್ಲಿ ಹಿಡಿಯುವಂತೆ ಎದೆಯ ಮುಂದೆ ಹಿಡಿದು ತೋರಿಸಿದರು. "ಮುಂಜಾನಿ ಎದ್ದು ಹಿಂಗ ಹಿಡ್ಕೊಂಡು ಕುಂದರತಿದ್ದೆ. ಖಾಲಿ ಅಂಗೈ. ಅದು ಖಾಲಿ ಅನ್ನಿಸ್ತಿರಲಿಲ್ಲ ನೋಡು. ಯಾಕಂತ ನನಗ ಇವತ್ತಿಗೂ ತಿಳಿವಲ್ದು. ನಾ ಸಾಯಲಿಲ್ಲ, ನೀನೂ ಸಾಯಂಗಿಲ್ಲ. ನಾಳೆ ಬಿಚ್ಚಿ ನನ್ನ ಕೈಯಾಗ ಕೊಡು. ನೀ ಹೊರಗ ಬರೂತನ ನಾ ಹಿಡ್ಕೋತೀನಿ."

ಆಗಸ್ಟ್ ೯, ರವಿವಾರ

ಇದ್ದೇನೆ. ಎಡಗೈ ಏಳುವುದಿಲ್ಲ. ಬಲಗೈ ಬರೆಯುತ್ತದೆ, ಆದರೆ ಬೇಗ ಸೋಲುತ್ತದೆ.

ಇವತ್ತು ಡ್ರೆಸ್ಸಿಂಗ್ ಬಿಚ್ಚಿದಾಗ ನೋಡಿದೆ. ನೋಡಬಾರದಿತ್ತು.

ಲಿಂಗ ಅತ್ತೆಯ ಬಳಿಯೇ ಇದೆ. ದಿನಾ ಎರಡನ್ನೂ ಪೂಜಿಸುತ್ತಾರೆ, ತಮ್ಮದು ಮತ್ತು ನನ್ನದು. ನಾನು ಕೇಳಿಲ್ಲ. ಕೊಟ್ಟರೂ ಎಲ್ಲಿ ಇಟ್ಟುಕೊಳ್ಳಲಿ, ಅದು ಇದ್ದ ಜಾಗವೇ ಇಲ್ಲ.

ಆಗಸ್ಟ್ ೧೧, ಮಂಗಳವಾರ

ಇವತ್ತು ಇವರು ಮಾತಾಡಿದರು. ಇಷ್ಟು ಉದ್ದವಾಗಿ ಮಾತಾಡಿದ್ದು ಇದೇ ಮೊದಲು. ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ನೆಲ ನೋಡುತ್ತ ಹೇಳಿದರು.

"ನಿನ್ನ ಒಳಗ ಒಯ್ದ ಮ್ಯಾಲ ಅವ್ವ ಅಲ್ಲೇ ಬಾಗಿಲ ಮುಂದ ನೆಲದ ಮ್ಯಾಲ ಕುಂತ್ಲು. ಎಡಗೈಯಾಗ ನಿನ್ನ ಲಿಂಗ. ಬೆಂಚಿನ ಮ್ಯಾಲ ಕುಂದ್ರು ಅಂದೆ, ಕೇಳಲಿಲ್ಲ. ಒಂದು ತಾಸು ಅಂದಿದ್ರು, ಎರಡಾತು, ಮೂರಾತು. ಯಾರೂ ಹೊರಗ ಬರವಲ್ರು. ಅವ್ವನ ಕೈ ನಡಗಾಕತ್ತು. ಬಲಗೈ ಆಸರ ಕೊಟ್ಳು, ಅದೂ ಸೋತು. ನಾ ಹಿಡ್ಕೋತೀನಿ ಕೊಡವ್ವಾ ಅಂದೆ. ಅಕಿಗಿ ಮಾತ ಕೊಟ್ಟೀನಿ, ಯಾರಿಗೂ ಕೊಡಂಗಿಲ್ಲ ಅಂದ್ಳು."

ಅವರು ಅಂಬುಬಾಯಿಯ ಮಂಚದ ಕಡೆಗೆ ನೋಡಿದರು. ಆಕೆ ನಿದ್ದೆಯಲ್ಲಿದ್ದಳು.

"ಈ ಅಂಬುಬಾಯಿ ಗೋಡಿ ಹಿಡಕೋತ ನಡಕೋತ ಬಂದ್ಳು. ಅಕಿ ಗಾಯಾನ ಇನ್ನಾ ಹಸಿ ಅದ. ಏನೂ ಕೇಳಲಿಲ್ಲ. ಅವ್ವನ ಬಾಜು ಕುಂತು, ತನ್ನ ಆರಾಮ ಇರೋ ಕೈ ಅವ್ವನ ಮೊಣಕೈ ಕೆಳಗ ಕೊಟ್ಳು. ಅವ್ವ ಅಕಿ ಕಡೆ ನೋಡಿದ್ಳು. ಬ್ಯಾಡ ಅನ್ನಲಿಲ್ಲ. ಇಬ್ರೂ ಹಂಗೇ ಕುಂತ್ರು, ನಿನ್ನ ಹೊರಗ ತರೂತನ. ನಾ ಅಲ್ಲೇ ನಿಂತಿದ್ದೆ. ನನಗ ಮಾಡಾಕ ಏನೂ ಇರಲಿಲ್ಲ."

ಆಮೇಲೆ ಎದ್ದು, ಔಷಧದ ಚೀಟಿ ಹಿಡಿದು ಹೊರಗೆ ಹೋದರು.

ಮಧ್ಯಾಹ್ನ ಅಂಬುಬಾಯಿಗೆ, "ನೀವು ಯಾಕ ಬಂದ್ರಿ, ನಿಮ್ಮ ಗಾಯ ಬಿಚ್ಚಿದ್ರ?" ಎಂದು ಕೇಳಿದೆ. ಆಕೆ, "ಮುದುಕಿ ಕೈ ಸೋತಿತ್ರೀ ಬಾಯಿ" ಎಂದಳು. ಅಷ್ಟೇ ಕಾರಣವಂತೆ.

ಪರದೆ ಯಾವಾಗಿನಿಂದ ತೆರೆದಿದೆಯೋ, ನಾನು ಗಮನಿಸಿರಲಿಲ್ಲ.

ಆಗಸ್ಟ್ ೧೬, ರವಿವಾರ

ನಾಳೆ ಮನೆಗೆ ಕಳಿಸುತ್ತಾರೆ. ಬೆಳಿಗ್ಗೆ, "ಅತ್ತೀ, ನಂದು ಕೊಡ್ರಿ" ಎಂದೆ.

ಅವರು ಏನೂ ಕೇಳದೆ ಚೀಲದಿಂದ ಹೊಸ ಶಿವದಾರ ತೆಗೆದರು. ಇಲ್ಲಿಯೇ ಕುಳಿತು ಹೊಸೆದಿದ್ದಾರೆ. ಹಳೆಯದಕ್ಕಿಂತ ಎಷ್ಟೋ ಗಿಡ್ಡ. ಕಟ್ಟಿದಾಗ ಕರಡಿಗೆ ಗಾಯಕ್ಕೆ ತಾಗದೆ ಕೊರಳ ಬುಡದಲ್ಲಿ ನಿಂತಿತು. ಅಳತೆಯನ್ನು ಯಾವಾಗ ತೆಗೆದುಕೊಂಡಿರಿ ಎಂದರೆ, "ನೀ ಮಲಗಿದ್ದಿ" ಎಂದರು.

ಸೆಪ್ಟೆಂಬರ್ ೨೭, ರವಿವಾರ. ಕಲ್ಯಾಣ

ಎರಡನೆಯ ಔಷಧ ಏರಿಸಿ ಒಂಬತ್ತು ದಿನವಾಯಿತು. ಮೊದಲ ನಾಲ್ಕು ದಿನ ನೀರೂ ನಿಲ್ಲಲಿಲ್ಲ. ತಲೆಗೂದಲು ದಿಂಬಿಗೆ ಬರತೊಡಗಿದ ಮೇಲೆ ಸ್ನೇಹಲ್ ಕತ್ತರಿಯಿಂದ ಪೂರ್ತಿ ತೆಗೆದಳು. ತೆಗೆಯುವಾಗ ಅಳಲಿಲ್ಲ. ಹಿತ್ತಲಿಗೆ ಹೋಗಿ ಅತ್ತು ಬಂದಳು.

ಎಡಗೈಗೆ ವ್ಯಾಯಾಮ ಹೇಳಿದ್ದಾರೆ. ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಬೇಕು. ಭುಜದಿಂದ ಮೇಲೆ ಹೋಗುತ್ತಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರಲು ಕೈಯ ಕೆಳಗೆ ದಿಂಬು ಬೇಕು. ಅತ್ತೆಯೂ ಎದುರಿಗೇ ಕುಳಿತುಕೊಳ್ಳುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಇವತ್ತು ಸ್ನೇಹಲ್ ಬಂದು ರೊಟ್ಟಿ ಆರಿಹೋಯಿತು ಎಂದು ಬೈದಳು. ಆಗಲೇ ಬಿಸಿಲು ಒಳಗಿನ ಕಂಬದವರೆಗೆ ಬಂದಿತ್ತು.

ನಾನು ಏನನ್ನೂ ಬೇಡಿಕೊಳ್ಳುವುದಿಲ್ಲ. ಸುಮ್ಮನೆ ಕೂರುತ್ತೇನೆ.

೧೯೯೯ ಫೆಬ್ರುವರಿ ೮, ಸೋಮವಾರ

ಮತ್ತೆ ಶಾಲೆಗೆ. ಕೂದಲು ಹುಡುಗರ ಕ್ರಾಪಿನಷ್ಟು ಬಂದಿದೆ. ಸೆರಗು ಹೊದ್ದುಕೊಂಡು ಹೋದೆ.

ಕಂಡಕ್ಟರ್ ಸಿರಾಜುದ್ದೀನ್ ನನ್ನನ್ನು ನೋಡಿ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. "ಟೀಚರ್, ಆರು ತಿಂಗಳಿಂದ ನಿಮ್ಮ ಸೀಟಿನ್ಯಾಗ ಬ್ಯಾರೆದವ್ರನ್ನ ಕುಂದರ್ಸೀನಿ, ಮಾಫ್ ಮಾಡ್ರಿ" ಎಂದು ಕಿಟಕಿಯ ಪಕ್ಕದಲ್ಲಿದ್ದವರನ್ನು ಎಬ್ಬಿಸಿದ. ಹೆದ್ದಾರಿ ಸೇರುವ ಬಂಗ್ಲಾದ ತಿರುವಿನಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಹದಿನೆಂಟು ವರ್ಷ ಈ ದಾರಿಯಲ್ಲಿ ಓಡಾಡಿ ನಾನು ಆ ಹೊಲವನ್ನು ನೋಡಿದ್ದೇನೋ ಇಲ್ಲವೋ.

ಎಂಟನೆಯ ತರಗತಿಯ ಹುಡುಗಿಯರು ಎದ್ದು ನಿಂತರು. ಕುಳಿತುಕೊಳ್ಳಿ ಎಂದು ಬಲಗೈಯಿಂದ ತೋರಿಸಿದೆ. ಬೋರ್ಡಿನ ಕಡೆಗೆ ತಿರುಗಿ ತಾರೀಖು ಬರೆದೆ.

ಮೇ ೯, ರವಿವಾರ

ಅಂಬುಬಾಯಿ ತೀರಿಕೊಂಡಳು. ಮಗ ಅಜೀತ ಬರೆದ ಕಾರ್ಡನ್ನು ನಿನ್ನೆ ರಾತ್ರಿ ಇವರು ಅಂಗಡಿಯಿಂದ ತಂದರು. ಯಕೃತ್ತಿಗೆ ಹರಡಿತ್ತಂತೆ. ಬೆಳಿಗ್ಗೆ ನಾನು ಅದನ್ನು ಓದಿ ಹೇಳಿದ ಕೂಡಲೇ ಅತ್ತೆ ಎದ್ದು ಸೀರೆ ಬದಲಿಸಿದರು.

ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಮನ್ನಾಏಖೇಳ್ಳಿಗೆ ಹೋದೆವು. ಹೆದ್ದಾರಿಯ ಅಂಗಡಿಗಳನ್ನು ದಾಟಿ ಕೇರಿಯ ಕಡೆಗೆ ತಿರುಗುವಲ್ಲಿ ಅತ್ತೆ ಒಂದು ಗಳಿಗೆ ನಿಂತರು. ಅರವತ್ತಾರು ವರ್ಷದಲ್ಲಿ ಇಂಥ ಓಣಿಗೆ ಅವರು ಕಾಲಿಟ್ಟಿಲ್ಲ. ಆಮೇಲೆ ನನ್ನ ಕೈ ಹಿಡಿದು ನಡೆದರು.

ಸೊಸೆ ಆಮ್ರಪಾಲಿ ಚಾಪೆ ಹಾಸಿದಳು. ನೀರು ತರಲೋ ಬೇಡವೋ ಎಂದು ಬಾಗಿಲಲ್ಲಿ ತಡೆದು ನಿಂತಿದ್ದಳು. ಅತ್ತೆ, "ಬಾಯಿ ಒಣಗ್ಯಾದವ್ವ, ನೀರ ಕೊಡು" ಎಂದರು. ಲೋಟ ಪೂರ್ತಿ ಕುಡಿದರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮಾವ ಹೋದಾಗಲೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಜೀತ ಹೇಳಿದ, "ಕಡೀಕ ಭಾಳ ತ್ರಾಸ ಆತ್ರಿ. ಆದ್ರ ಮುಂಜಾನಿ ಕೈ ಜೋಡ್ಸೋದು ಬಿಡಲಿಲ್ಲ. ಎತ್ತಾಕ ಆಗಲಾರದಾಗ ಆಮ್ರಪಾಲಿ ಹಿಡಿತಿದ್ಳು."

ಆಕೆಗೂ ನನ್ನಷ್ಟೇ, ನನಗಿಂತ ಹೆಚ್ಚೇ ಧೈರ್ಯವಿತ್ತು. ಆಕೆ ಹೋದಳು, ನಾನಿದ್ದೇನೆ. ಬರುವಾಗ ಆಮ್ರಪಾಲಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಕಟ್ಟಿಕೊಟ್ಟಳು. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಇಬ್ಬರೂ ತಿಂದೆವು.

ಆಗಸ್ಟ್ ೧೨, ಗುರುವಾರ

ಸೋಮವಾರ ಇವರ ಜೊತೆ ಸೊಲ್ಲಾಪುರಕ್ಕೆ ಹೋಗಿಬಂದದ್ದನ್ನು ಬರೆದೇ ಇಲ್ಲ ಎಂದು ಈಗ ನೆನಪಾಯಿತು.

ವರ್ಷದ ತಪಾಸಣೆ. ಗಾಯದ ಜಾಗ ಚೆನ್ನಾಗಿದೆ. ಎಕ್ಸ್‌ರೇಯಲ್ಲಿ ಬಲ ಪುಪ್ಪುಸದ ಮೇಲೆ ಒಂದು ಸಣ್ಣ ಕಲೆ ಕಾಣುತ್ತದಂತೆ. ಹಳೆಯ ಕೆಮ್ಮಿನದೂ ಇರಬಹುದು, ಅದೇ ರೋಗದ್ದೂ ಇರಬಹುದು. ಈಗಲೇ ಹೇಳಲಾಗದು, ಮೂರು ತಿಂಗಳು ಬಿಟ್ಟು ಮತ್ತೆ ತೆಗೆದು ನೋಡೋಣ ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ನಳದುರ್ಗ ದಾಟಿದ್ದು ಗೊತ್ತು, ಕಣ್ಣು ಬಿಟ್ಟಾಗ ಬಂಗ್ಲಾ ಬಂದಿತ್ತು. ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಪುಂಡಿಪಲ್ಯ ಮಾಡಿದ್ದರು, ಉಂಡೆ. ಮರುದಿನ ಎಂಟನೆಯ ತರಗತಿಗೆ ಪರೀಕ್ಷೆಯಿತ್ತು, ಪ್ರಶ್ನೆಪತ್ರಿಕೆ ತಯಾರು ಮಾಡುತ್ತ ಕುಳಿತೆ.

ಇವತ್ತು ಶಾಲೆಯಿಂದ ಬರುವಾಗ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಸಂಜೆ ಐದೂವರೆಗೆ ಇವರು ಎಂದೂ ಶಟರ್ ಇಳಿಸಿದವರಲ್ಲ. ಬಗ್ಗಿ ಒಳಗೆ ಹೋದೆ. ಗೊಬ್ಬರದ ಚೀಲಗಳ ಮೇಲೆ ಕುಳಿತಿದ್ದರು. ಕಣ್ಣು ಕೆಂಪಾಗಿದ್ದವು.

ನಾನೂ ಪಕ್ಕದಲ್ಲಿ ಕುಳಿತೆ. ಅವರು, "ನಿನಗ ಹೆದ್ರಿಕಿ ಆಗಂಗಿಲ್ಲೇನು?" ಎಂದರು.

"ಆಗ್ತದ್ರಿ. ಆದ್ರ ಊಟ ಸೇರ್ತದ, ನಿದ್ದಿ ಬರ್ತದ. ಹ್ಯಾಂಗ ಅಂತ ನನಗೂ ಗೊತ್ತಿಲ್ಲ."

"ನನಗ ಬರವಲ್ದು. ಹೋದ ವರ್ಷದಿಂದ ಬಂದಿಲ್ಲ."

ಅವರಿಗೆ ನಿದ್ದೆ ಬರುತ್ತಿಲ್ಲ ಎಂಬುದು ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ಗೊತ್ತಿರಲಿಲ್ಲ. ಅವರ ಕೈಯನ್ನು ತೆಗೆದುಕೊಂಡು ನನ್ನ ತೊಡೆಯ ಮೇಲಿಟ್ಟುಕೊಂಡೆ. "ನಾಳೆಯಿಂದ ಮುಂಜಾನಿ ನಮ್ಮ ಜೋಡಿ ಬಂದು ಕುಂದ್ರಿ. ಏನೂ ಮಾಡೋದ ಬ್ಯಾಡ. ಸುಮ್ಮ ಕುಂದ್ರಿ" ಎಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಹೊರಗೆ ಯಾರೋ ರೈತರಿಬ್ಬರು ಬಂದು, "ಸಾವ್ಕಾರ್ರ ಇದ್ದೀರೇನ್ರಿ, ಯೂರಿಯಾ ಬೇಕಾಗಿತ್ತು" ಎಂದು ಶಟರ್ ತಟ್ಟಿದರು. ಇವರು ಮುಖ ಒರೆಸಿಕೊಳ್ಳುವಷ್ಟರಲ್ಲಿ ನಾನೇ ಎದ್ದು ಹೋಗಿ ಎರಡೂ ಕೈ ಹಾಕಿ ಎತ್ತತೊಡಗಿದೆ. ಭಾರವಿತ್ತು. ಎದೆಯವರೆಗೆ ಬಂತು.

"ತಡಿ, ಒಬ್ಬಾಕಿನ ಎತ್ತಬ್ಯಾಡ" ಎನ್ನುತ್ತ ಅವರು ಬಂದು ಇನ್ನೊಂದು ಬದಿಗೆ ಕೈ ಹಚ್ಚಿದರು.